ಕುರ್ಚಿಯ ಮೇಲಿನ ಕೋಟು

ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ಚಳಿಗಾಲ ಬಂತೆಂದರೆ ಗುಮಾಸ್ತರಿಗೆ ಎರಡೆರಡು ದೇಹ ಬರುತ್ತವೆ. ಒಂದು ಹುಲ್ಲುಹಾಸಿನ ಮೇಲೆ ಬಿಸಿಲು ಕಾಯುತ್ತ ಕಡಲೆಕಾಯಿ ಸುಲಿಯುತ್ತಿರುತ್ತದೆ, ಇಲ್ಲವೇ ಮಗಳ ಸ್ಕೂಲಿನ ಅಡ್ಮಿಷನ್ನಿಗೆ ಅಲೆಯುತ್ತಿರುತ್ತದೆ. ಇನ್ನೊಂದು ಕೋಟಾಗಿ ಕುರ್ಚಿಯ ಬೆನ್ನಿಗೆ ನೇತುಬಿದ್ದು ಕೆಲಸ ಮಾಡುತ್ತಿರುತ್ತದೆ. ಸಾಹೇಬರು ಬಂದು ಕೇಳಿದರೆ ಪಕ್ಕದವನು ಕೋಟಿನ ಕಡೆ ಕೈ ತೋರಿಸಿ, ಇಲ್ಲೇ ಇದ್ದಾರೆ ಸರ್, ಈಗಷ್ಟೇ ಎದ್ದು ಹೋದರು ಅನ್ನುತ್ತಾನೆ. ಈ ಚಳಿಯಲ್ಲಿ ಕೋಟು ಬಿಟ್ಟು ಯಾರು ತಾನೇ ದೂರ ಹೋದಾರು? ಸಾಹೇಬರಿಗೂ ಎಲ್ಲ ಗೊತ್ತು. ಅವರ ಕೋಟೂ ಒಳಗೆ ಕುರ್ಚಿಯ ಮೇಲೆ ಕೂತಿರುತ್ತದೆ.

ಐಟಿಒ ಚೌಕದ ಹತ್ತಿರದ ಒಂದು ಕಚೇರಿಯಲ್ಲಿ ಈ ವಿದ್ಯೆ ಕಲಿಯದೆ ಉಳಿದವನು ಮಹಂತೇಶ ಒಬ್ಬನೇ. ಮೂವತ್ತನಾಲ್ಕರ ಈ ಗುಮಾಸ್ತ ನವೆಂಬರಿನಲ್ಲಿ ಕಂದು ಬಣ್ಣದ ಹಳೆಯ ಉಣ್ಣೆ ಕೋಟು ತೊಟ್ಟನೆಂದರೆ ಫೆಬ್ರವರಿ ಕಳೆಯುವವರೆಗೆ ಮೈಯಿಂದ ಇಳಿಸುತ್ತಿರಲಿಲ್ಲ. ಹೀಟರಿನ ಮುಂದೆ ಬೆವರಿದರೂ ಇಲ್ಲ, ಬಚ್ಚಲಿಗೆ ಹೋದರೂ ಇಲ್ಲ. ಭುಜದ ಹತ್ತಿರ ಅವನ ಅಳತೆಗಿಂತ ಬೆರಳಗಲ ದೊಡ್ಡದಾಗಿದ್ದ ಆ ಕೋಟು ಅವನ ಅಪ್ಪನದು. ನೀನು ಕೋಟನ್ನೇ ಮದುವೆಯಾಗಿದ್ದೀಯ, ಅದಕ್ಕೇ ನಿನಗೆ ಹೆಣ್ಣು ಸಿಗುತ್ತಿಲ್ಲ ಎಂದು ಸೆಕ್ಷನ್ನಿನವರು ಚುಡಾಯಿಸುತ್ತಿದ್ದರು. ಅವನು ನಕ್ಕು ಮುಂದಿನ ಫೈಲು ಬಿಚ್ಚುತ್ತಿದ್ದ. ಆ ಕೋಟಿನ ಕಥೆಯನ್ನು ನಗುತ್ತ ಹೇಳುವ ಹಾಗಿರಲಿಲ್ಲ.

ಅಪ್ಪ ಶಂಕರಪ್ಪ ಹರಿಹರದ ಕಡೆಯವರು. ಎಳೆ ವಯಸ್ಸಿನಲ್ಲೇ ಕೇಂದ್ರ ಸರ್ಕಾರದ ಗುಮಾಸ್ತಿಕೆ ಹಿಡಿದು ಬಂದು, ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿ, ಇದೇ ಕಚೇರಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಅವರಿಗಿದ್ದವನು ಒಬ್ಬನೇ ಮಗ, ಆ ಮಗ ಹನ್ನೆರಡನೇ ತರಗತಿಯಲ್ಲಿ ಥರ್ಡ್ ಕ್ಲಾಸು. ದೆಹಲಿಯ ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ರೋಗವಿಲ್ಲ. ಗಣೇಶನ ಹಬ್ಬಕ್ಕೆ ಸಂಘದಲ್ಲಿ ಸೇರಿದಾಗ ಕೋಸಂಬರಿ ಬಡಿಸುವವರೂ ಎಷ್ಟು ಪರ್ಸೆಂಟಪ್ಪಾ ಎಂದು ಕೇಳಿಯೇ ಸೌಟು ಇಳಿಸುತ್ತಿದ್ದರು. ಮಹಂತೇಶ ಕೊನೆಯ ಪಂಕ್ತಿಯಲ್ಲಿ ಉಂಡೆದ್ದು ಬರುತ್ತಿದ್ದ. ಆಮೇಲೆ ಖಾಸಗಿಯಾಗಿ ಬಿ.ಎ. ಕಟ್ಟಿ ಅದರಲ್ಲೂ ಡುಮ್ಕಿ ಹೊಡೆದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಜನ ಶಂಕರಪ್ಪನವರ ಮುಖದ ಮುಂದೆಯೇ ಆಡಿದರು. ಶಂಕರಪ್ಪ ಮಾತ್ರ ಮಗನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಮಹಂತೇಶನಿಗೆ ಈಗಲೂ ಅನ್ನಿಸುತ್ತದೆ.

ನಿವೃತ್ತಿಗೆ ಎರಡೇ ತಿಂಗಳಿದೆ ಅನ್ನುವಾಗ, ಜನವರಿಯ ಒಂದು ಮಂಜಿನ ಮಧ್ಯಾಹ್ನ, ಶಂಕರಪ್ಪ ತಿಲಕ್ ಬ್ರಿಡ್ಜ್ ಸ್ಟೇಷನ್ನಿನ ಹತ್ತಿರ ಹಳಿ ದಾಟುವಾಗ ಲೋಕಲ್ ರೈಲಿಗೆ ಸಿಕ್ಕಿ ತೀರಿಕೊಂಡರು. ಕಚೇರಿಯ ಸಮಯ. ಮೈಮೇಲೆ ಹೆಂಡತಿ ಹೆಣೆದ ತೋಳಿಲ್ಲದ ಕೆಂಪು ಸ್ವೆಟರ್ ಬಿಟ್ಟರೆ ಚಳಿಗೆ ಬೇರೇನೂ ಇರಲಿಲ್ಲ. ಆಗಿನ ಸೆಕ್ಷನ್ ಆಫೀಸರರು, ಶಂಕರಪ್ಪ ಕಚೇರಿ ಕೆಲಸದ ಮೇಲೆಯೇ ಹೊರಗೆ ಹೋಗಿದ್ದರು ಎಂದು ಬರೆದುಕೊಟ್ಟರು. ಸಂತಾಪ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ನಿಂತು, ಶಂಕರಪ್ಪನವರು ಇಡೀ ಸರ್ವಿಸಿನಲ್ಲಿ ಒಂದು ದಿನವೂ ಸೀಟು ಬಿಟ್ಟು ಹೋದವರಲ್ಲ ಎಂದರು. ಮನೆಯಲ್ಲಿ ಶಿವಗಣಾರಾಧನೆ ನಡೆದ ದಿನ ಕಚೇರಿಯ ಜವಾನ ಕೋಟನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದುಕೊಟ್ಟ. ಕುರ್ಚಿಯ ಮೇಲೆ ಉಳಿದುಬಿಟ್ಟಿತ್ತಂತೆ. ಅಮ್ಮ ಶಾಂತಮ್ಮ ಅದನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು.

“ಹೋಗೋರು ಇದನ್ನಾದ್ರೂ ಮಗನಿಗಿರ್ಲಿ ಅಂತ ಬಿಟ್ಟು ಹೋದ್ರು,” ಅಂದಳು.

ಸಾವಿನ ಮನೆಯಲ್ಲಿ ಯಾರು ಮಾತನ್ನು ತೂಕ ಹಾಕಿ ಆಡುತ್ತಾರೆ? ಆದರೆ ಮಹಂತೇಶ ತೂಕ ಹಾಕಿದ. ಶಾಲೆಯಲ್ಲಿ ಒಂದು ಲೆಕ್ಕವನ್ನೂ ಸರಿಯಾಗಿ ಬಿಡಿಸದ ಹುಡುಗ ಅವತ್ತು ಕೂತಲ್ಲೇ ಲೆಕ್ಕ ಬಿಡಿಸಿಬಿಟ್ಟ. ಕಚೇರಿ ಕೆಲಸ ಅನ್ನುವುದು ಮನೆಯವರ ಮೇಲಿನ ಕರುಣೆಗೆ ಬರೆದ ಸುಳ್ಳು, ಅದು ಎಲ್ಲರಿಗೂ ಗೊತ್ತಿತ್ತು. ಉಳಿದವರ ಹಾಗೆ ಕೋಟು ತೂಗುಹಾಕಿ ತಿರುಗಲು ಹೋಗುವ ಜಾತಿ ಅಪ್ಪನದಲ್ಲ, ಹಾಗೆಂದು ಇಡೀ ಸೆಕ್ಷನ್ನೇ ಸಾಕ್ಷಿ ಹೇಳಿದೆ. ಅಂದಮೇಲೆ ಅಂಥ ಚಳಿಯಲ್ಲಿ ಕೋಟು ಬಿಟ್ಟು ಹಳಿಯ ಕಡೆ ನಡೆಯುವವನು, ಇನ್ನು ಕೋಟು ಬೇಡ ಎಂದುಕೊಂಡವನೇ. ಇನ್ನೊಂದು ಮಾತೂ ಇತ್ತು. ನಿವೃತ್ತರಾದ ಅಪ್ಪನಿಂದ ಮಗನಿಗೆ ನೌಕರಿ ಸಿಗುವುದಿಲ್ಲ. ಸರ್ವಿಸಿನಲ್ಲಿರುವಾಗಲೇ ಸತ್ತ ಅಪ್ಪನಿಂದ ಸಿಗಬಹುದು. ಅನುಕಂಪದ ಆಧಾರದ ನೌಕರಿ ಎಂದು ಅದಕ್ಕೆ ಹೆಸರು. ಅದು ಸಿಕ್ಕಿತು, ನೌಕರಿಯ ಹಿಂದೆಯೇ ಅದೇ ಕ್ವಾರ್ಟರ್ಸೂ ಅವನ ಹೆಸರಿಗೆ ಬಂತು. ತನ್ನ ಥರ್ಡ್ ಕ್ಲಾಸಿಗೆ ಅಪ್ಪ ಕತ್ತು ಕೊಟ್ಟು ಅನ್ನ ತಂದುಕೊಟ್ಟಿದ್ದಾರೆ ಎಂದು ಮಹಂತೇಶ ನಂಬಿದ. ಅಮ್ಮನೂ ಹಾಗೆಯೇ ನಂಬಿದ್ದಾಳೆ ಎಂದು ಅವನಿಗೆ ಅನುಮಾನವಿತ್ತು. ಯಾಕೆಂದರೆ ಆ ದಿನದ ನಂತರ ಅವಳು ಕೋಟನ್ನು ಕೈಯಲ್ಲಿ ಮುಟ್ಟಲಿಲ್ಲ. ಇಬ್ಬರೂ ಅದರ ಬಗ್ಗೆ ಮಾತೆತ್ತಲಿಲ್ಲ. ಹೀಗೇ ಹನ್ನೆರಡು ಚಳಿಗಾಲ ಕಳೆದವು.

ಕಚೇರಿಗೆ ಕಂಪ್ಯೂಟರುಗಳು ಬಂದು ಟೈಪ್‌ರೈಟರುಗಳು ಗೋದಾಮಿಗೆ ಹೋದಾಗ ಹಳಬರೆಲ್ಲ ಮೂಗು ಮುರಿದರು. ಮಹಂತೇಶ ಮಾತ್ರ ಯಾರಿಗೂ ಹೇಳದೆ ಮುಕ್ತ ವಿಶ್ವವಿದ್ಯಾಲಯದ ಬಿಸಿಎಗೆ ಹೆಸರು ಹಚ್ಚಿದ. ಅಲ್ಲಿ ಹನ್ನೆರಡನೇ ತರಗತಿ ಪಾಸಾಗಿದ್ದರೆ ಸಾಕಿತ್ತು; ಎಷ್ಟು ಪರ್ಸೆಂಟು ಎಂದು ಯಾರೂ ಸೌಟು ಹಿಡಿದು ನಿಂತಿರಲಿಲ್ಲ. ಪ್ರಮೋಷನ್ನಿನ ಆಸೆಗೆ ಅವನು ಸೇರಿದ್ದಲ್ಲ. ಉಣ್ಣುವ ಅನ್ನ, ಮಲಗುವ ಕೋಣೆ, ತೊಡುವ ಕೋಟು ಎಲ್ಲವೂ ಅಪ್ಪನ ಸಾವಿನಿಂದ ಬಂದದ್ದು. ಆ ಸಾವಿನಿಂದ ಬಾರದ ಒಂದೇ ಒಂದು ವಸ್ತು ತನ್ನದಾಗಬೇಕು, ಅಷ್ಟಾದರೆ ಅಪ್ಪನಿಗೆ ಮುಖ ತೋರಿಸಬಹುದು ಎಂದು ಅವನಿಗಿತ್ತು.

ಅಧ್ಯಯನ ಕೇಂದ್ರ ಘಾಜಿಯಾಬಾದಿನ ಒಂದು ಕಾಲೇಜಿನಲ್ಲಿ, ಭಾನುವಾರಗಳಂದು. ಬಸ್ಸಿನಲ್ಲಿ ಹೋಗಬಹುದಿತ್ತು. ಅವನು ತಿಲಕ್ ಬ್ರಿಡ್ಜಿಗೇ ಬಂದು ಲೋಕಲ್ ರೈಲು ಹಿಡಿಯುತ್ತಿದ್ದ, ಹಲ್ಲು ನೋಯುವಾಗ ನಾಲಿಗೆ ಅಲ್ಲಿಗೇ ಹೋಗುವ ಹಾಗೆ. ತರಗತಿಯಲ್ಲಿ ಮೀಸೆ ಮೂಡದ ಹುಡುಗರು ಮೊದಲ ದಿನ ಅವನನ್ನು ಮೇಷ್ಟ್ರೆಂದುಕೊಂಡು ಎದ್ದು ನಿಂತರು, ಆಮೇಲೆ ಅಂಕಲ್ ಎಂದು ಕರೆದು ತಮ್ಮ ನಡುವೆ ಜಾಗ ಕೊಟ್ಟರು. ಮರ ನಿಧಾನವಾಗಿ ಬಗ್ಗಿತು. ಒಂದು ಪೇಪರಿಗೆ ಎರಡು ಸಲ, ಇನ್ನೊಂದಕ್ಕೆ ಮೂರು ಸಲ ಕೂತು, ಅಂತೂ ಎಲ್ಲವನ್ನೂ ಮುಗಿಸಿದ. ಪ್ರೋಗ್ರಾಮಿಂಗಿನ ಪ್ರಾಕ್ಟಿಕಲ್ ಒಂದು ಮಾತ್ರ ಉಳಿಯಿತು. ಅದು ಬಾರದೆ ಉಳಿದದ್ದಲ್ಲ, ಅಲ್ಲಿಗೆ ಅಪ್ಪ ಬಂದದ್ದಕ್ಕೆ ಉಳಿಯಿತು.

ಮೊದಲ ಸಲ ಅವನು ಪ್ರಶ್ನೆ ಓದಿ ಅರ್ಧ ಬರೆದಿದ್ದ. ಕರೆಂಟು ಹೋಯಿತು. ಘಾಜಿಯಾಬಾದಿನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ; ಹುಡುಗರು ಓ ಎಂದು ಕೂಗಿ ಹರಟೆಗೆ ಇಳಿದರು. ಮಹಂತೇಶನ ಮುಂದಿನ ದಪ್ಪ ಮಾನಿಟರು ಕಪ್ಪಾಯಿತು. ಆ ಕಪ್ಪು ಗಾಜಿನಲ್ಲಿ ಅವನ ಮುಖ, ಭುಜದ ಹಿಂದೆ ಇನ್ನೊಬ್ಬರು. ತೋಳಿಲ್ಲದ ಕೆಂಪು ಸ್ವೆಟರ್. ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶಂಕರಪ್ಪ ಚಳಿಗೆ ನಡುಗುತ್ತಿದ್ದರು. ಮಗನ ಮೈಮೇಲಿನ ಕೋಟನ್ನು ನೋಡುತ್ತಿದ್ದರು. ತಿರುಗಿ ನೋಡಿದರೆ ಖಾಲಿ ಸ್ಟೂಲು. ಜನರೇಟರ್ ಶುರುವಾಗಿ ಪರದೆ ಬೆಳಗಿದ ಮೇಲೆ ಅವನ ಬೆರಳು ಓಡಲಿಲ್ಲ. ಎದ್ದು ಹೊರಟುಬಂದ.

ಎರಡನೆಯ ಸಲ ಕರೆಂಟೂ ಹೋಗಲಿಲ್ಲ. ಪಕ್ಕದ ಹುಡುಗ ಗೈರುಹಾಜರಾಗಿದ್ದ, ಅವನ ಮಾನಿಟರು ಆರಿತ್ತು. ಅದರಲ್ಲಿ ಅದೇ ಕೆಂಪು ಸ್ವೆಟರ್, ಅದೇ ನಡುಕ. ಕೊಡು ಎಂದು ಅವರು ಕೇಳಲಿಲ್ಲ, ಕೇಳಿದ್ದರೆ ಅಲ್ಲೇ ಬಿಚ್ಚಿ ಕೊಡುತ್ತಿದ್ದ. ಸತ್ತ ಅಪ್ಪನನ್ನು ಕಂಡು ಹೆದರಿದ್ದಕ್ಕಿಂತ ಅವರಿಗೆ ಚಳಿಯಾಗುತ್ತಿದೆಯಲ್ಲಾ ಅನ್ನುವುದೇ ತಡೆಯಲಾಗದ ನೋವಾಯಿತು. ಆ ಸಲವೂ ಎದ್ದು ಬಂದ. ಮೂರನೆಯದೇ ಕೊನೆಯ ಅವಕಾಶವಾಗಿತ್ತು. ಅದೂ ಹೋದರೆ ನೋಂದಣಿಯ ಅವಧಿ ಮುಗಿದು, ಪಾಸಾದ ಪೇಪರುಗಳೂ ಲೆಕ್ಕಕ್ಕಿಲ್ಲದೆ ಎಲ್ಲ ಮೊದಲಿಂದ ಶುರು. ಅಷ್ಟು ಶಕ್ತಿ ತನ್ನಲ್ಲಿ ಉಳಿದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಆ ಮೂರನೆಯದು ಜನವರಿಯ ಒಂದು ಬುಧವಾರ ಮಧ್ಯಾಹ್ನಕ್ಕೆ ಬಿತ್ತು. ಬಜೆಟ್ಟಿನ ಕೆಲಸದ ಹೊತ್ತು, ಯಾರಿಗೂ ರಜೆಯಿಲ್ಲ. ಓದುತ್ತಿದ್ದೇನೆಂದು ಹೇಳಿ ಅನುಮತಿ ಕೇಳಲೂ ಬಾಯಿಲ್ಲ. ಅನುಮತಿಯಿಲ್ಲದೆ ಓದಲು ಸೇರಿದ್ದೇ ತಪ್ಪು. ಉಳಿದದ್ದು ಒಂದೇ ದಾರಿ, ಉಳಿದವರೆಲ್ಲ ದಿನಾ ತುಳಿಯುವ ದಾರಿ. ಊಟದ ಹೊತ್ತಿಗೆ ಮಹಂತೇಶ ಎದ್ದು ನಿಂತು ಕೋಟಿನ ಗುಂಡಿ ಬಿಚ್ಚಿದ. ಒಂದು ತೋಳು ಹೊರಗೆ ಎಳೆದ. ಅಲ್ಲಿಗೆ ಕೈ ನಿಂತಿತು. ಇದೇ ಕಚೇರಿ, ಇದೇ ಜನವರಿ, ಇದೇ ಕೋಟು. ಹಾಗೇ ಕುರ್ಚಿಯ ಮೇಲೆ ಕುಸಿದು, ಪರೀಕ್ಷೆ ಹಾಳಾಗಿ ಹೋಗಲಿ ಎಂದು ತೋಳನ್ನು ಮತ್ತೆ ಒಳಗೆ ತೂರಿಸತೊಡಗಿದ.

ಎದುರು ಮೇಜಿನ ತ್ಯಾಗೀಜಿ ಇದನ್ನೆಲ್ಲ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ಮೀರಠ್ ಕಡೆಯ ಮನುಷ್ಯ, ಶಂಕರಪ್ಪನವರ ಕಾಲದಿಂದಲೂ ಅದೇ ಮೇಜು, ಆ ತಿಂಗಳ ಕೊನೆಗೆ ನಿವೃತ್ತಿ. ಎಲ್ಲಿಗಾದರೂ ಹೋಗುವುದಿದ್ದರೆ ಹೋಗು ಬೇಟಾ, ಕೋಟು ತೂಗುಹಾಕು, ಸಾಹೇಬರು ಕೇಳಿದರೆ ನಾನು ನೋಡಿಕೊಳ್ಳುತ್ತೇನೆ ಎಂದರು. ಅಪ್ಪ ಹಾಗೆ ಎಂದೂ ಮಾಡಿದವರಲ್ಲ ಎಂದು ಮಹಂತೇಶ ಹಿಂದಿಯಲ್ಲಿ ತೊದಲಿದ. ತ್ಯಾಗೀಜಿ ಮೊದಲು ನಕ್ಕರು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದರು. ಮುಂದಿದ್ದ ಫೈಲು ಮುಚ್ಚಿ, ಕುರ್ಚಿ ಎಳೆದುಕೊಂಡು ಅವನ ಹತ್ತಿರ ಬಂದರು.

“ಅಚ್ಛಾ, ಇನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ,” ಎಂದರು. “ನಿಮ್ಮಪ್ಪ ಆ ಚಳಿಗಾಲದಲ್ಲಿ ವಾರಕ್ಕೊಮ್ಮೆ ಇದೇ ಕುರ್ಚಿಗೆ ಇದೇ ಕೋಟು ಹಾಕಿ ಹೋಗುತ್ತಿದ್ದರು. ತ್ಯಾಗೀಜಿ, ಸಂಭಾಲ್ ಲೇನಾ, ಸ್ವಲ್ಪ ನೋಡ್ಕೊಳ್ಳಿ, ನಾಲ್ಕಕ್ಕೆ ವಾಪಸ್ ಬರ್ತೀನಿ ಅಂತ ನನಗೇ ಹೇಳಿ ಹೋಗುತ್ತಿದ್ದರು. ಆವತ್ತೂ ಹೇಳಿಯೇ ಹೋದರು.”

ಉಳಿದದ್ದನ್ನು ತ್ಯಾಗೀಜಿ ತಗ್ಗಿದ ದನಿಯಲ್ಲಿ ಹೇಳಿದರು. ನಿವೃತ್ತಿಯಾದರೆ ಕ್ವಾರ್ಟರ್ಸು ಬಿಡಬೇಕು. ದೆಹಲಿಯ ಬಾಡಿಗೆ ಪೆನ್ಷನ್ನಿಗೆ ದಕ್ಕುವುದಲ್ಲ, ಶಂಕರಪ್ಪ ಘಾಜಿಯಾಬಾದಿನಲ್ಲಿ ಮನೆ ಹುಡುಕುತ್ತಿದ್ದರು. ಯಮುನೆ ದಾಟಿ ಬರುವುದಿಲ್ಲ ಎಂದು ಹೆಂಡತಿ ಹಟ ಹಿಡಿದಿದ್ದಳಂತೆ. ಭಾನುವಾರ ಹೊರಟರೆ ಕೇಳುತ್ತಾಳೆಂದು ಕಚೇರಿಯಿಂದಲೇ ಕದ್ದು ಹೋಗುತ್ತಿದ್ದರು. ಎರಡು ಕೋಣೆಯ ಮನೆ ಎಷ್ಟೋ ಸಿಕ್ಕಿದ್ದವು, ಒಂದನ್ನೂ ಒಪ್ಪಲಿಲ್ಲ. ಮೂರು ಬೇಕೇ ಬೇಕು, ಹುಡುಗ ಮತ್ತೆ ಓದಿಗೆ ಕೂತರೆ ಅವನಿಗೊಂದು ಬೇರೆ ಕೋಣೆ ಇರಲಿ ಅನ್ನುತ್ತಿದ್ದರಂತೆ. ಆ ಮಧ್ಯಾಹ್ನ ರೈಲು ತಪ್ಪೀತೆಂದು ಮೇಲ್ಸೇತುವೆ ಹತ್ತದೆ ಹಳಿಗೆ ಇಳಿದಿದ್ದಾರೆ, ಮಂಜಿನಲ್ಲಿ ಇನ್ನೊಂದು ರೈಲು ಕಾಣಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿದ್ದವರು ನೋಡಿ, ಕೂಗಿ ಕರೆದಿದ್ದರಂತೆ.

ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಮಹಂತೇಶ ಕೇಳಿದ. ತ್ಯಾಗೀಜಿಗೆ ಅವನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಡ್ಯೂಟಿಯ ಹೊತ್ತಿನಲ್ಲಿ ಸೀಟು ಬಿಟ್ಟು ಹೋಗಿ ಸತ್ತರು ಎಂದು ಬಾಯಿಬಿಟ್ಟಿದ್ದರೆ ನಿನ್ನ ನೌಕರಿಯ ಫೈಲು ಮುಂದೆ ಹೋಗುತ್ತಿತ್ತೇ? ಅದಕ್ಕೇ ಸೆಕ್ಷನ್ನಿನವರೆಲ್ಲ ಮಾತಾಡಿಕೊಂಡು ಹಾಗೆ ಹೇಳಿದೆವು. ಆಮೇಲೆ ಸತ್ತವರನ್ನು ಕಾಮ್‌ಚೋರ್, ಕೆಲಸಗಳ್ಳ ಎಂದು ಅವರ ಮಗನ ಮುಂದೆ ಯಾವ ಬಾಯಲ್ಲಿ ಹೇಳುವುದು? ಹೀಗೆಂದು ಅವರು ತಮ್ಮ ಮೇಜಿಗೆ ಮರಳಿದರು. ಆ ಒಳ್ಳೆಯ ಮಾತು ಒಬ್ಬನನ್ನು ಹನ್ನೆರಡು ವರ್ಷ ಹಗಲೂ ರಾತ್ರಿ ಸುಟ್ಟಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಮಹಂತೇಶ ಹೇಳಲೂ ಇಲ್ಲ. ಎದ್ದ. ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ, ಭುಜಗಳನ್ನು ಸರಿಮಾಡಿದ. ನಾಲ್ಕೂವರೆಗೆ ಬರುತ್ತೇನೆ ಎಂದ. ಯಾರಿಗೆ ಹೇಳಿದನೋ, ತ್ಯಾಗೀಜಿ ತಲೆಯಾಡಿಸಿದರು.

ಸ್ಟೇಷನ್ನಿನಲ್ಲಿ ಚಳಿ ಎಲುಬಿಗೆ ಇಳಿಯಿತು. ಶರಟಿನ ಮೇಲೆ ತೆಳುವಾದ ಒಂದು ಸ್ವೆಟರ್ ಅಷ್ಟೆ. ಅವನ ಕೈಗಳು ತಾವಾಗಿ ಕಂಕುಳಿಗೆ ಹೋದವು. ಹಾಗೆ ನಿಂತಾಗ ಅವನಿಗೆ ಗೊತ್ತಾಯಿತು, ಲ್ಯಾಬಿನಲ್ಲಿ ಅಪ್ಪ ನಿಂತಿದ್ದದ್ದು ಹೀಗೆಯೇ. ಸಾಯಲು ಹೊರಟವರ ಹಾಗಲ್ಲ. ಬೇಗ ಕೆಲಸ ಮುಗಿಸಿ ಕೋಟಿನೊಳಗೆ ತೂರಿಕೊಂಡರೆ ಸಾಕೆಂದು ಕಾಲು ಕುಣಿಸುವ, ಸೀಟು ಬಿಟ್ಟು ತಪ್ಪಿಸಿಕೊಂಡು ಬಂದ ಒಬ್ಬ ಸಾಮಾನ್ಯ ಗುಮಾಸ್ತನ ಹಾಗೆ. ಮಹಂತೇಶ ಮೇಲ್ಸೇತುವೆಯ ನಡುವೆ ನಿಂತು ಕೆಳಗಿನ ಹಳಿ ನೋಡುತ್ತ ಅತ್ತುಬಿಟ್ಟ. ಕಡಲೆಕಾಯಿ ಮಾರುವವನು, ಏನಾಯ್ತು ಭಯ್ಯಾ ಎಂದು ಕೇಳಿದ್ದಕ್ಕೆ, ಚಳಿ ಎಂದ.

ಲ್ಯಾಬಿನಲ್ಲಿ ಪ್ರೋಗ್ರಾಮು ಮುಕ್ಕಾಲು ಆಗಿರುವಾಗ ಕರೆಂಟು ಹೋಯಿತು. ಮಹಂತೇಶ ಓಡಲಿಲ್ಲ, ಕಪ್ಪು ಗಾಜನ್ನೇ ನೋಡಿದ. ಅವರಿದ್ದರು. ಈ ಸಲ ಮಗನ ಕಡೆ ನೋಡುತ್ತಿರಲಿಲ್ಲ. ಬಾಗಿಲ ಮೇಲಿನ ಗೋಡೆ ಗಡಿಯಾರದ ಕಡೆ ಕತ್ತೆತ್ತಿದ್ದರು, ಹೊತ್ತಾಯಿತಲ್ಲಾ ಅನ್ನುವವರ ಹಾಗೆ. ಮಹಂತೇಶನೂ ಅತ್ತ ನೋಡಿದ. ಹೌದು, ಹೊತ್ತಾಗಿತ್ತು. ಜನರೇಟರ್ ಶುರುವಾದದ್ದೇ ಬಗ್ಗಿ ಕೂತು ಮತ್ತೆ ಟೈಪು ಮಾಡಿ ಮುಗಿಸಿದ, ಪರೀಕ್ಷಕರು ಕೇಳಿದ್ದಕ್ಕೆ ಹಲ್ಲು ಕಡಕಡಿಸುತ್ತಲೇ ಉತ್ತರ ಕೊಟ್ಟ. ಫಲಿತಾಂಶ ಬರಲು ತಿಂಗಳುಗಳು ಹಿಡಿದವು, ಪಾಸಾದ. ಎಷ್ಟು ಪರ್ಸೆಂಟು ಎಂದು ಮಾತ್ರ ಕೇಳಬೇಡಿ, ಆ ಪ್ರಶ್ನೆಯಿಂದ ಆದದ್ದು ಸಾಕು.

ಆ ಸಂಜೆ ಅವನು ಕಚೇರಿಗೆ ಓಡುತ್ತ ಬಂದಾಗ ಸೆಕ್ಷನ್ನು ಅರ್ಧ ಖಾಲಿಯಾಗಿತ್ತು. ಸಾಹೇಬರು ಎರಡು ಸಲ ಬಂದಿದ್ದರೆಂದೂ, ಎರಡು ಸಲವೂ ನೀನು ಇಲ್ಲೇ ಇದ್ದೆಯೆಂದೂ ತ್ಯಾಗೀಜಿ ಹೇಳಿದರು. ಕೋಟು ಬಿಟ್ಟಲ್ಲೇ ಇತ್ತು. ಮಹಂತೇಶ ಅದನ್ನೆತ್ತಿ ತೋಳು ತೂರಿಸಿದವನು ಹಾಗೇ ನಿಂತ. ಒಳಗೆ ಬೆಚ್ಚಗಿತ್ತು. ಬೆನ್ನಿನ ಕಡೆ, ಕಂಕುಳ ಹತ್ತಿರ, ಯಾರೋ ಈಗಷ್ಟೇ ಕಳಚಿಟ್ಟು ಎದ್ದುಹೋದ ಹಾಗೆ. ಆ ಕಡೆಗೆ ಬಿಸಿಲು ಬೀಳುವ ಕಿಟಕಿಯಿರಲಿಲ್ಲ, ಹೀಟರು ಕೋಣೆಯ ಆ ತುದಿಯಲ್ಲಿ ಆರಿತ್ತು. ಇದನ್ನು ಹಾಕಿಕೊಂಡಿದ್ದಿರಾ ಎಂದು ತ್ಯಾಗೀಜಿಯನ್ನು ಕೇಳಿದ. ನನ್ನ ಹೊಟ್ಟೆಗೆ ಅದು ಹಿಡಿಸುತ್ತದೆಯೇ ಎಂದು ಅವರು ತಮ್ಮ ಚೀಲ ಹೆಗಲಿಗೇರಿಸಿದರು.

ಲೋಧಿ ಕಾಲೋನಿಯ ಮನೆಯಲ್ಲಿ ಶಾಂತಮ್ಮ ಸಂಜೆಯ ದೀಪ ಹಚ್ಚಿ, ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಮಹಂತೇಶ ಅವಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ತಾನು ಓದುತ್ತಿರುವುದು, ಲ್ಯಾಬಿನಲ್ಲಿ ಕಂಡದ್ದು, ತ್ಯಾಗೀಜಿ ಹೇಳಿದ್ದು. ಅಪ್ಪ ಮನೆ ನೋಡಲು ಹೋಗಿದ್ದರು, ವಾಪಸ್ ಬರುವವರಿದ್ದರು ಎಂದಾಗ ಅವಳ ಕೈ ನಿಂತಿತು. ಯಮುನೆ ದಾಟಿ ಬರುವುದಿಲ್ಲ ಎಂದು ತಾನು ಆಡಿದ ಮಾತು ಅವಳಿಗೆ ನೆನಪಾಗಿರಬೇಕು.

“ಎಷ್ಟು ರೂಮಿಂದು ನೋಡ್ತಿದ್ರಂತೆ?” ಎಂದಳು.

“ಮೂರು. ಒಂದು ನನಗೆ ಓದ್ಕೊಳ್ಳಕ್ಕೆ.”

ಶಾಂತಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಎದ್ದಳು. ಕೊಡು ಇಲ್ಲಿ ಎಂದು ಕೈ ಚಾಚಿದಳು. ಮಹಂತೇಶ ಕೋಟು ಬಿಚ್ಚಿ ಕೊಟ್ಟ. ಅಷ್ಟು ವರ್ಷ ಮುಟ್ಟದಿದ್ದ ಕೋಟನ್ನು ಅವಳು ಎರಡು ಸಲ ಕೊಡವಿ, ಕಾಲರಿನ ಮೇಲಿನ ದಾರದ ಎಳೆ ತೆಗೆದು, ಊಟದ ಮೇಜಿನ ಹತ್ತಿರ ಗಂಡ ಕೂರುತ್ತಿದ್ದ ಕುರ್ಚಿಯ ಬೆನ್ನಿಗೆ ಹಾಕಿದಳು. ಭುಜಗಳನ್ನು ಅಂಗೈಯಿಂದ ಸರಿಮಾಡಿದಳು. ಆಮೇಲೆ ಹೋಗಿ ಮುಂಬಾಗಿಲಿನ ಚಿಲಕ ತೆಗೆದು ಬಂದಳು. ನಾಳೆ ನಾನೇನು ತೊಟ್ಟುಕೊಂಡು ಹೋಗಲಿ ಎಂದು ಮಹಂತೇಶ ಮೆಲ್ಲಗೆ ಕೇಳಿದ.

“ನಿನಗೆ ಹೊಸದು ತಗೋ,” ಎಂದಳು ಶಾಂತಮ್ಮ. “ಅವ್ರು ಬರೋವರ್ಗೂ ಇದು ಇಲ್ಲೇ ಇರ್ಲಿ.”